ತಲೆ ಎಣಿಸಬೇಕಾದ್ದು ಎಲ್ಲಿ? ಬೊಮ್ಮಾಯಿ ಪ್ರಕರಣದ ಹಿಂದೆ ಮುಂದೆ

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಜನತಾದಳ ಸರ್ಕಾರ ಸದನದಲ್ಲಿ ಸೋಲದೆಯೇ ಬಿದ್ದುಹೋಯಿತು. ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ಬಿಟ್ಟವರು, ಬೆಂಬಲ ವಾಪಸ್ ಪಡೆದಿದ್ದಾರೆ ಎನ್ನಲಾದ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗಿಟ್ಟರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಮರುದಿನವೇ ಆ 19 ಮಂದಿಯಲ್ಲಿ 7 ಜನ ಉಲ್ಟಾ ಹೊಡೆದರು. ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿ ಕೂಡ ಸದನದಲ್ಲೇ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನೇ ಬೇಗ ಕರೆಯೋಣ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆಯೂ ಹೋಯಿತು.

ಇದಕ್ಕೆ ಆಧಾರ ಸಂವಿಧಾನದ 356ನೇ ವಿಧಿ, ಅಂದರೆ ರಾಜ್ಯ ಸರ್ಕಾರವನ್ನು ವಜಾ ಮಾಡಿ ಆಡಳಿತವನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಳ್ಳಲು ಅವಕಾಶ ಕೊಡುವ ವಿಧಿ. ಇದರ ಬೇರು ಬ್ರಿಟಿಷರ 1935ರ ಕಾಯ್ದೆಯಲ್ಲಿದೆ. ಅಲ್ಲಿನ 93ನೇ ಸೆಕ್ಷನ್, ಪ್ರಾಂತ್ಯದ ಆಡಳಿತವನ್ನು ಗವರ್ನರ್ ತಾನೇ ವಹಿಸಿಕೊಳ್ಳಲು ದಾರಿ ಮಾಡಿಕೊಟ್ಟಿತ್ತು. ಸ್ವತಂತ್ರ ದೇಶಕ್ಕೆ ಇದು ಯಾಕೆ ಎಂದು ಸಂವಿಧಾನ ಸಭೆಯಲ್ಲೇ ಆಕ್ಷೇಪ ಬಂದಾಗ, ಇದು ಬಳಕೆಗೇ ಬಾರದೆ ಪುಸ್ತಕದಲ್ಲೇ ಉಳಿಯಲಿ ಎಂದು ಅಂಬೇಡ್ಕರ್ ಆಶಿಸಿದ್ದರು.

ಉಳಿಯಲಿಲ್ಲ. 1951ರಲ್ಲೇ ಪಂಜಾಬ್‌ನಲ್ಲಿ ಶುರುವಾಯಿತು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾದ್ ಅವರ ಕಮ್ಯುನಿಸ್ಟ್ ಸರ್ಕಾರಕ್ಕೆ ಸದನದಲ್ಲಿ ಬಹುಮತ ಇದ್ದರೂ ಮನೆಗೆ ಕಳಿಸಿದರು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ರಾಜ್ಯಗಳ ಒಂಬತ್ತು ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದವರು ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿದರು. ಲೆಕ್ಕ ಚುಕ್ತಾ! ಈ ವಿಷಯದಲ್ಲಿ ಯಾವ ಪಕ್ಷದ ಕೈಯೂ ಶುದ್ಧವಲ್ಲ.

ಕೋರ್ಟ್‌ಗೆ ಹೋಗಬಹುದಿತ್ತಲ್ವಾ? ತುರ್ತು ಪರಿಸ್ಥಿತಿಯಲ್ಲಿ, 1975ರ ಸಂವಿಧಾನದ 38ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತ್ತು. 44ನೇ ತಿದ್ದುಪಡಿ ಮತ್ತೆ ತೆರೆಯಿತು. ಆದರೂ ಬೊಮ್ಮಾಯಿ ಅವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಕೊನೆಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜ್ಯಪಾಲರ ಅನಿಸಿಕೆಗೆ ಬಿಟ್ಟ ವಿಷಯವಲ್ಲ, ಸದನದಲ್ಲೇ ಇತ್ಯರ್ಥವಾಗಬೇಕು ಎಂದಿತು. ಯಾವ ದಾಖಲೆ ನೋಡಿ ಸರ್ಕಾರವನ್ನು ವಜಾ ಮಾಡಿದಿರಿ ಎಂದು ಕೋರ್ಟ್ ಕೇಳಬಹುದು. ಸಂಸತ್ತಿನ ಎರಡೂ ಸದನ ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸುವಂತಿಲ್ಲ. ಕ್ರಮ ತಪ್ಪಾಗಿದ್ದರೆ ಹಳೇ ಸರ್ಕಾರವನ್ನೇ ವಾಪಸ್ ತರಬಹುದು. ಬಾಬ್ರಿ ಮಸೀದಿ ಧ್ವಂಸದ ಬಳಿಕ ಮೂರು ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಇದೇ ಪೀಠ ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬುದು ಕಾರಣ.

ಬೊಮ್ಮಾಯಿ ಗೆದ್ದರು, ಆದರೆ ಕುರ್ಚಿ ಸಿಗಲಿಲ್ಲ. 1989ರ ಕೊನೆಯಲ್ಲೇ ಚುನಾವಣೆ ಮುಗಿದು 178 ಸೀಟು ಗೆದ್ದ ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತು. ಐದು ವರ್ಷ ತಡವಾಗಿ ಬಂದ ಈ ತೀರ್ಪಿನ ಫಲ ಸಿಕ್ಕಿದ್ದು ಬೇರೆಯವರಿಗೆ.

1999ರಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿದ ಕೇಂದ್ರ, ರಾಜ್ಯಸಭೆಯ ಒಪ್ಪಿಗೆ ಸಿಗುವುದಿಲ್ಲ ಎಂದು ಗೊತ್ತಾಗಿ ಕೆಲವೇ ವಾರಗಳಲ್ಲಿ ಹಿಂದೆ ಸರಿಯಿತು. ರಾಬ್ಡಿ ವಾಪಸ್ ಬಂದರು. 2018ರ ಮೇನಲ್ಲಿ ಕರ್ನಾಟಕದ ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪ ಅವರಿಗೆ ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಮೇ 19ಕ್ಕೇ ವಿಶ್ವಾಸಮತ ನಡೆಸಿ ಎಂದಿತು. ಮತ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಆದರೆ ರಾಜಕಾರಣ ಸುಮ್ನೆ ಕೂರುವುದಿಲ್ಲ. ಎಣಿಕೆ ಸದನದಲ್ಲೇ ಆಗಬೇಕು ಅಂದ ಮೇಲೆ, ಸದನದ ಸಂಖ್ಯೆಯನ್ನೇ ಇಳಿಸುವ ದಾರಿ ಕಂಡಿತು. 2019ರ ಜುಲೈನಲ್ಲಿ ಆಡಳಿತ ಮೈತ್ರಿಕೂಟದ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು. ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತದಲ್ಲಿ 99–105ರಿಂದ ಸೋತರು. ತಲೆ ಎಣಿಸಿದ್ದು ಸದನದಲ್ಲೇ, ನಿಯಮದ ಪ್ರಕಾರವೇ. ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ 13 ಜನ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದು ಅದೇ ಸದನಕ್ಕೆ ಬಂದರು.