ರಾಗಿ ಮಾಲ್ಟಿಗೆ ಸಕ್ಕರೆ ಹಾಕಿಲ್ಲ ಮೇಡಂ

"ಒಂದು ಚಮಚ ಸಕ್ಕರೆಯನ್ನೂ ಹಾಕಲ್ಲ ಮೇಡಂ, ಬರೀ ರಾಗಿ ಮಾಲ್ಟು." ಆಹಾರತಜ್ಞೆಯಾದ ನನಗೆ ಈ ಮಾತು ಕೇಳದೆ ವಾರ ಕಳೆಯುವುದಿಲ್ಲ. ಮೊನ್ನೆ ಹೇಳಿದವರು ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ಅಜ್ಜ. ಮಗಳು ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ನುಣ್ಣಗೆ ಬೀಸಿಸಿ ತರುತ್ತಾರೆ. ಬೆಳಿಗ್ಗೆ ತಿಂಡಿಗೆ ಬದಲು ಅದೇ ಎರಡು ಲೋಟ. ಕುಡಿದ ಎರಡು ಗಂಟೆಗೆ ರಕ್ತದ ಸಕ್ಕರೆ 260! ಅಷ್ಟು ಅಕ್ಕರೆಯಿಂದ ಮಾಡಿಕೊಟ್ಟ ಮಗಳು ಪಕ್ಕದಲ್ಲೇ ಕೂತಿದ್ದರು. ಗದರಲು ಮನಸ್ಸು ಬರಲಿಲ್ಲ.

ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ನನಗೆ ಅನುಮಾನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿ: 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ಕಾರ್ಬೋಹೈಡ್ರೇಟ್ ಲೆಕ್ಕವೂ ಇದೆ. ಅಕ್ಕಿಗೆ 78 ಗ್ರಾಂ, ರಾಗಿಗೆ 67. ಅದರಲ್ಲಿ ಬಹುಪಾಲು ಪಿಷ್ಟ.

ಪಿಷ್ಟವೆಂದರೆ ಗ್ಲೂಕೋಸನ್ನೇ ಪೋಣಿಸಿದ ಮಾಲೆ. ನೇರ ಎಳೆ ಅಮೈಲೋಸ್, ಕವಲೊಡೆದದ್ದು ಅಮೈಲೋಪೆಕ್ಟಿನ್. ಪೋಣಿಸಿರುವಷ್ಟು ಹೊತ್ತು ನಾಲಿಗೆಗೆ ಸಿಹಿ ತಿಳಿಯುವುದಿಲ್ಲ. ಕರುಳಿನಲ್ಲಿ ಮಾಲೆ ಬಿಚ್ಚಿದ ಮೇಲೆ ರಕ್ತಕ್ಕೆ ಸೇರುವುದು ಗ್ಲೂಕೋಸೇ. ನಾರು ಈ ಬಿಚ್ಚುವ ಕೆಲಸವನ್ನು ತುಸು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಸಿಹಿ ಇಲ್ಲದ್ದರಲ್ಲಿ ಸಕ್ಕರೆ ಇಲ್ಲ ಎಂದು ನಾಲಿಗೆಯನ್ನು ನಂಬಬೇಡಿ ಎಂದು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ.

ಮೊಳಕೆ ಬಂದರಂತೂ ಈ ಮಾಲೆ ಬಿಚ್ಚುವ ಕೆಲಸ ಕಾಳಿನಲ್ಲೇ ಶುರುವಾಗಿರುತ್ತದೆ. ಎಳೆಯ ಸಸಿಗೆ ಊಟ ಬೇಕು, ಅದಕ್ಕೆಂದು ಕಾಳು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿ ಪಿಷ್ಟವನ್ನು ತುಂಡರಿಸುತ್ತದೆ. ಹದವಾಗಿ ಹುರಿದರೆ ಕಿಣ್ವ ಪೂರ್ತಿ ಸಾಯುವುದಿಲ್ಲ. ಹಿಟ್ಟು ಕಲಸಿ ಒಲೆಯ ಮೇಲಿಟ್ಟಾಗ, ನೀರು ಕುದಿಯುವ ಮುಂಚೆ, ಉಬ್ಬಿದ ಪಿಷ್ಟವನ್ನು ಅದು ಮತ್ತಷ್ಟು ಕತ್ತರಿಸುತ್ತದೆ. ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು: ಮಾಮೂಲಿ ರಾಗಿ ಹಿಟ್ಟು ಎರಡು ಚಮಚಕ್ಕೇ ಗಂಜಿ ಗಟ್ಟಿಯಾಗುತ್ತದೆ, ಮೊಳಕೆ ಹಿಟ್ಟು ನೀರು ನೀರಾಗಿಯೇ ಉಳಿಯುತ್ತದೆ. ಎಂಟು ತಿಂಗಳ ಕೂಸಿಗೆ ಇದೇ ವರ. ತೆಳ್ಳಗಿನ ಸರಿಯಲ್ಲೂ ಹೆಚ್ಚು ಹಿಟ್ಟು ಹೊಟ್ಟೆಗೆ ಹೋಗುತ್ತದೆ.

ಆ ಮಗಳನ್ನು ಕೇಳಿದೆ, "ಗಟ್ಟಿಯಾಗದಿದ್ದರೆ ಏನು ಮಾಡ್ತೀರಿ?" "ಇನ್ನೊಂದು ಹಿಡಿ ಹಾಕ್ತೀನಿ ಮೇಡಂ." ಎರಡು ಲೋಟದಲ್ಲಿ ಅಜ್ಜ ಕುಡಿಯುತ್ತಿದ್ದುದು ಹೆಚ್ಚುಕಡಿಮೆ ಎರಡು ಮುದ್ದೆಯ ಹಿಟ್ಟು, ಅದೂ ಅರ್ಧ ಬಿಚ್ಚಿದ್ದು, ಸಾರು-ಸೊಪ್ಪು ಏನೂ ಇಲ್ಲದೆ.

"ಹಂಗಾದ್ರೆ ಮುದ್ದೆನೂ ಬಿಡಬೇಕಾ ತಾಯಿ?" ಎಂದರು ಅಜ್ಜ, ಕಣ್ಣು ತುಂಬಿಕೊಂಡು. ಬೇಡ ಅಂದೆ. ಮಧ್ಯಾಹ್ನ ಒಂದೇ ಮುದ್ದೆ, ಕಿತ್ತಳೆ ಹಣ್ಣಿನಷ್ಟು, ಬಸ್ಸಾರು ಮತ್ತು ಕಾಳುಪಲ್ಯದ ಜೊತೆ. ಎಲ್ಲರ ಮೈ ಒಂದೇ ತರಹ ಇರುವುದಿಲ್ಲವಾದ್ದರಿಂದ ಇದೇ ಅಳತೆ ಎಲ್ಲರಿಗೂ ಹೊಂದುತ್ತದೆ ಎನ್ನಲಾರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ಬಿಡಬೇಡಿ, ಬದಲಿಸಬೇಡಿ. ಹದಿನೈದು ದಿನ ಬಿಟ್ಟು ಊಟವಾದ ಎರಡು ಗಂಟೆಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದ್ದೇನೆ.