ವರ್ಜೀನಿಯಾದ ಪಾಲುಪಟ್ಟಿಯಲ್ಲಿ ಮನುಷ್ಯರು

1757ರಲ್ಲಿ, ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, ಅಲ್ಲಿಯ ವರ್ಜೀನಿಯಾದ ಡೇನಿಯಲ್ ಪಾರ್ಕ್ ಕಸ್ಟಿಸ್ ಉಯಿಲು ಬರೆಯದೆ ತೀರಿಕೊಂಡ. ಆ ಸೀಮೆಯ ಅತಿ ಶ್ರೀಮಂತರಲ್ಲಿ ಅವನೂ ಒಬ್ಬ. 17,000 ಎಕರೆಗೂ ಹೆಚ್ಚು ಜಮೀನು, ಅದರಲ್ಲಿ ಹೊಗೆಸೊಪ್ಪು ಬೆಳೆಯಲು ಸುಮಾರು 300 ಗುಲಾಮರು. ಹಿಂದೆ ಉಳಿದವರು 26 ವರ್ಷದ ಹೆಂಡತಿ ಮಾರ್ಥಾ ಮತ್ತು ಇಬ್ಬರು ಪುಟ್ಟ ಮಕ್ಕಳು.

ಪಾಲಿನ ದಾವೆ ನಡೆಸುವುದು ನನ್ನ ಕಸುಬು. ಮನೆಯ ಯಜಮಾನ ಸತ್ತಾಗ ವಕೀಲರ ಮುಂದೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಏನೇನಿದೆ? ಯಾರ್ಯಾರಿಗೆ ಹಕ್ಕಿದೆ? ಸಾಲ ಎಷ್ಟಿದೆ? ಅಮೆರಿಕದ ಹಳೆಯ ದಾಖಲೆಗಳಲ್ಲೂ ಇವೇ ಮೂರು ಪ್ರಶ್ನೆಗಳು ಸಿಗುತ್ತವೆ. ಆದರೆ ಅಲ್ಲಿ ಮೊದಲ ಪ್ರಶ್ನೆಯ ಉತ್ತರದಲ್ಲಿ ಎತ್ತು, ಗಡಿಯಾರ, ಮಂಚದ ಜೊತೆಗೆ ಮನುಷ್ಯರ ಹೆಸರುಗಳಿವೆ. ಆ ಪಟ್ಟಿಗಳನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಗಟ್ಟಿಯಾಯಿತು. ವಾರಸುದಾರರ ನಡುವೆ ಹಂಚಿಕೆ ಎಷ್ಟು ನ್ಯಾಯವಾಗಿ ನಡೆಯಿತೋ, ಗುಲಾಮರ ಸಂಸಾರಗಳು ಅಷ್ಟೇ ಜಾಸ್ತಿ ಒಡೆದವು. ಅದಕ್ಕೆ ಯಾರೂ ವಿಶೇಷವಾಗಿ ಕ್ರೂರಿ ಆಗಬೇಕಿರಲಿಲ್ಲ. ಲೆಕ್ಕ ಸರಿ ಬಂದರೆ ಸಾಕಿತ್ತು.

ಮೊದಲು ಕಾನೂನು ನೋಡೋಣ. 1705ರಲ್ಲಿ ವರ್ಜೀನಿಯಾದ ಶಾಸನಸಭೆ ಗುಲಾಮರನ್ನು ಸ್ಥಿರಾಸ್ತಿ ಎಂದು ಘೋಷಿಸಿತು. ನಡೆದಾಡುವ ಮನುಷ್ಯ ಕಾನೂನಿನ ಪ್ರಕಾರ ಜಮೀನಾದ. ಇದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ಅಲ್ಲಿ ನಡೆಯುತ್ತಿದ್ದ ಇಂಗ್ಲಿಷ್ ಪದ್ಧತಿಯಲ್ಲಿ ಉಯಿಲಿಲ್ಲದೆ ಸತ್ತವನ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ಚರಾಸ್ತಿ ಹೆಂಡತಿ, ಮಕ್ಕಳಲ್ಲಿ ಹಂಚಿ ಹೋಗುತ್ತಿತ್ತು. ದುಡಿಯುವವರು ಚರಾಸ್ತಿಯಾದರೆ ಜಮೀನು ಒಬ್ಬನ ಕೈಗೆ, ಆಳುಗಳು ಇನ್ನೊಬ್ಬರ ಕೈಗೆ. ಆಳಿಲ್ಲದ ಹೊಗೆಸೊಪ್ಪಿನ ಜಮೀನು ಯಾರಿಗೆ ಬೇಕು? ಅದಕ್ಕೇ ಎರಡನ್ನೂ ಒಟ್ಟಿಗೆ ಕಟ್ಟಿದರು. ಆದರೆ ಸಾಲ ಕೊಟ್ಟವನು ವಸೂಲಿಗೆ ಬಂದರೆ ಅದೇ ಗುಲಾಮರನ್ನು ಚರಾಸ್ತಿಯಂತೆ ಹಿಡಿದು ಮಾರಬಹುದಿತ್ತು. ಯಾವ ಹೊತ್ತಿಗೆ ಯಜಮಾನವರ್ಗಕ್ಕೆ ಯಾವುದು ಅನುಕೂಲವೋ ಅದೇ ಕಾನೂನು.

ಇನ್ನು ವಿಧವೆಯ ಹಕ್ಕು. ಗಂಡನ ಜಮೀನು ಮತ್ತು ಗುಲಾಮರಲ್ಲಿ ಮೂರನೇ ಒಂದು ಪಾಲು ಆಕೆಗೆ, ಜೀವ ಇರುವವರೆಗೆ ಮಾತ್ರ. ಇದನ್ನು ಡವರ್ ಎನ್ನುತ್ತಿದ್ದರು. ಅನುಭವಿಸಬಹುದು, ಮಾರುವಂತಿಲ್ಲ. ಆಕೆ ಸತ್ತ ಮೇಲೆ ಅದು ಮೊದಲ ಗಂಡನ ವಾರಸುದಾರರಿಗೆ ವಾಪಸ್ಸು. ಕಸ್ಟಿಸ್ ಮನೆಯಲ್ಲಿ ಜಮೀನು ಮತ್ತು ಗುಲಾಮರ ಮೂರನೇ ಎರಡು ಪಾಲು ಮಗ ಜಾನ್ ಪಾರ್ಕ್ ಕಸ್ಟಿಸ್‌ಗೆ ಹೋಯಿತು. ಉಳಿದ ಒಂದು ಪಾಲು ಮಾರ್ಥಾಳ ಡವರ್. ನಗದು ಮತ್ತು ಸಾಮಾನುಗಳಲ್ಲಿ ಮಾತ್ರ ಮಗಳಿಗೂ ಸೇರಿ ಮೂವರಿಗೆ ಸಮಪಾಲು. 1759ರ ಜನವರಿಯಲ್ಲಿ ಮಾರ್ಥಾ, ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್‌ನನ್ನು ಮದುವೆಯಾದಳು. ಆಗಿನ ಕಾನೂನಿನಂತೆ ಹೆಂಡತಿಯ ಹಕ್ಕು ಗಂಡನ ಕೈಗೆ ಹೋಯಿತು. ಹೀಗೆ 80ಕ್ಕೂ ಹೆಚ್ಚು ಡವರ್ ಗುಲಾಮರು ವಾಷಿಂಗ್ಟನ್‌ನ ಸುಪರ್ದಿಗೆ ಬಂದರು. ಅವರನ್ನು ದುಡಿಸಿಕೊಳ್ಳಬಹುದಿತ್ತು. ಮಾರುವ, ಬಿಡುಗಡೆ ಮಾಡುವ ಹಕ್ಕು ಅವನಿಗೆ ಇರಲಿಲ್ಲ.

ಇಲ್ಲಿ ಇನ್ನೊಂದು ಕಾನೂನು ಸೇರಿಕೊಳ್ಳುತ್ತದೆ, 1662ರದ್ದು. ಹುಟ್ಟಿದ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ. ಪಾಲಿನ ಲೆಕ್ಕಕ್ಕೆ ಇದರ ಅರ್ಥ ಭಯಂಕರವಾದದ್ದು. ಡವರ್ ಹೆಣ್ಣಿನ ಮಗು ಹುಟ್ಟುವಾಗಲೇ ಯಾವುದೋ ವಾರಸುದಾರನ ಪಾಲಿಗೆ ಸೇರಿದ್ದು. ಆ ವಾರಸುದಾರ ಇನ್ನೂ ಹುಟ್ಟದೆಯೇ ಇರಬಹುದು! ಓನಾ ಜಡ್ಜ್ ಎಂಬಾಕೆ ಮಾರ್ಥಾಳ ಡವರ್ ಪಾಲಿನವಳು. ತನ್ನನ್ನು ಮೊಮ್ಮಗಳಿಗೆ ಉಡುಗೊರೆ ಕೊಡುತ್ತಾರೆ ಎಂದು ತಿಳಿದು 1796ರಲ್ಲಿ ಫಿಲಡೆಲ್ಫಿಯಾದಿಂದ ತಪ್ಪಿಸಿಕೊಂಡಳು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸ್ವತಂತ್ರ ಗಂಡಸನ್ನು ಮದುವೆಯಾಗಿ ಮಕ್ಕಳನ್ನು ಹೆತ್ತಳು. 1848ರಲ್ಲಿ ಸಾಯುವವರೆಗೂ ಕಾಗದದ ಮೇಲೆ ಅವಳು ಕಸ್ಟಿಸ್ ಆಸ್ತಿ. ಅವಳ ಮಕ್ಕಳೂ ಅಷ್ಟೇ.

ಹಂಚಿಕೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಕೋರ್ಟು ನೆರೆಹೊರೆಯ ಮೂರು ನಾಲ್ಕು ಜಮೀನ್ದಾರರನ್ನು ಬೆಲೆ ಕಟ್ಟಲು ನೇಮಿಸುತ್ತಿತ್ತು. ಅವರು ಪ್ರಮಾಣ ಮಾಡಿ ಕೆಲಸಕ್ಕೆ ಇಳಿಯುತ್ತಿದ್ದರು. ಮನೆ, ಉಗ್ರಾಣ, ಕೊಟ್ಟಿಗೆ, ಗುಲಾಮರ ಕೇರಿ. ಕೇರಿಯಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ನೋಡಿ ಹೆಸರಿನ ಮುಂದೆ ಬೆಲೆ. ಗಟ್ಟಿ ಯುವಕನಿಗೆ, ಬಡಗಿಗೆ, ಕಮ್ಮಾರನಿಗೆ ಹೆಚ್ಚು. ತಾಯಿ ಮತ್ತು ಹಾಲು ಕುಡಿಯುವ ಕೂಸಿಗೆ ಸೇರಿ ಒಂದೇ ಬೆಲೆ. ಮುದುಕರಿಗೆ ಚೂರುಪಾರು, ಎಷ್ಟೋ ಸಲ ಸೊನ್ನೆ. ಜೀವಮಾನವೆಲ್ಲ ಆ ಮನೆಗೆ ದುಡಿದವಳ ಹೆಸರಿನ ಮುಂದೆ ಸೊನ್ನೆ ನೋಡಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೆಲೆ ಕಟ್ಟಿದ ಮೇಲೆ ಪಾಲು ಮಾಡಲು ಕೋರ್ಟು ನೇಮಿಸಿದ ಕಮಿಷನರುಗಳು ಗುಲಾಮರನ್ನು ವಾರಸುದಾರರ ಸಂಖ್ಯೆಗೆ ತಕ್ಕಂತೆ ಗುಂಪು ಮಾಡುತ್ತಿದ್ದರು. ಗುಂಪುಗಳ ಬೆಲೆ ಸಮ ಇರಬೇಕು. ಎಷ್ಟೋ ಕಡೆ ಆಮೇಲೆ ಚೀಟಿ ಎತ್ತುತ್ತಿದ್ದರು. ಹೆಚ್ಚು ಬೆಲೆಯ ಗುಂಪು ಬಂದವನು ಕಡಿಮೆ ಬಂದವನಿಗೆ ವ್ಯತ್ಯಾಸವನ್ನು ನಗದಾಗಿ ತುಂಬಿಕೊಡಬೇಕು.

ನಾನೇ ಮಾಡಿದ ಒಂದು ಲೆಕ್ಕ ಕೊಡುತ್ತೇನೆ. ಒಟ್ಟು ಬೆಲೆ 2,000 ಪೌಂಡ್, ವಾರಸುದಾರರು ನಾಲ್ವರು ಎಂದುಕೊಳ್ಳಿ. ಒಬ್ಬೊಬ್ಬರಿಗೆ 500. ಒಂದು ಸಂಸಾರದಲ್ಲಿ ಬಡಗಿ ಅಪ್ಪ 120, ಅಮ್ಮ 70, ದೊಡ್ಡ ಮಗ 60, ಎಂಟು ವರ್ಷದ ಮಗಳು 30. ಸೇರಿ 280. ಅದೇ ಗುಂಪಿಗೆ 250 ಬೆಲೆಯ ಇನ್ನೊಂದು ಸಂಸಾರ ಹಾಕಿದರೆ 530 ಆಗುತ್ತದೆ. 30 ಜಾಸ್ತಿ. ನಗದು ತುಂಬಿಕೊಟ್ಟರೆ ಎಲ್ಲರೂ ಒಟ್ಟಿಗೆ ಉಳಿಯಬಹುದು. ಆದರೆ ಆ ಜಮೀನ್ದಾರರ ಕೈಯಲ್ಲಿ ನಗದು ಬಹಳ ಕಡಿಮೆ. ಬದುಕೆಲ್ಲ ಸಾಲದ ಮೇಲೆ, ಮುಂದಿನ ಬೆಳೆಯ ಮೇಲೆ. ಹಾಗಾಗಿ ಎಂಟು ವರ್ಷದ ಹುಡುಗಿ ಪಕ್ಕದ ಗುಂಪಿಗೆ ಹೋಗುತ್ತಾಳೆ. ಲೆಕ್ಕ 500ಕ್ಕೆ ಸರಿಯಾಗಿ ಕೂರುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಹೊಂದಿಸಿದ ಹಾಗೆ ಮಕ್ಕಳನ್ನು ಹೊಂದಿಸುತ್ತಿದ್ದರು. ತಾಯಿಯನ್ನು ಮತ್ತು ಪುಟ್ಟ ಮಕ್ಕಳನ್ನು ಒಟ್ಟಿಗೆ ಇಡಲು ನೋಡಿದ ಕಮಿಷನರುಗಳೂ ಇದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಅದು ಅವರ ಮರ್ಜಿ. ಗುಲಾಮರ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ.

ಈಗ ಸಮಾನತೆಯ ಮಾತಿಗೆ ಬರೋಣ. ಸ್ವಾತಂತ್ರ್ಯ ಯುದ್ಧದ ನಂತರ ವರ್ಜೀನಿಯಾ ಹಿರಿಯ ಮಗನ ಪದ್ಧತಿಯನ್ನು ಕಿತ್ತು ಹಾಕಿತು. 1785ರಲ್ಲಿ ಪಾಸಾಗಿ 1787ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಗಂಡು, ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಸಮಪಾಲು. ಇದರ ಹಿಂದೆ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಇದ್ದ. 1792ರಲ್ಲಿ ಗುಲಾಮರನ್ನು ಚರಾಸ್ತಿ ಎಂದು ಬದಲಿಸಿದರು. ಪಾಲಿನ ವಕೀಲನಾಗಿ ನೋಡಿದರೆ ಮೊದಲನೆಯದು ಒಳ್ಳೆಯ ಸುಧಾರಣೆ. ಹೆಣ್ಣುಮಕ್ಕಳಿಗೆ ಸಮಪಾಲು ಯಾರು ಬೇಡ ಎನ್ನುತ್ತಾರೆ? ಆದರೆ ಕೇರಿಯಲ್ಲಿ ನಿಂತು ನೋಡಿ. ಮೊದಲು ಒಬ್ಬನಿಗೆ ಹೋಗುತ್ತಿದ್ದ 60 ಜನ ಈಗ ಆರು ದಿಕ್ಕಿಗೆ. ಒಬ್ಬ ಮಗಳ ಗಂಡ ಪಶ್ಚಿಮಕ್ಕೆ, ದೂರದ ಕೆಂಟಕಿಗೆ ಹೊರಟಿದ್ದರೆ ಅವಳ ಪಾಲಿನವರೂ ಅಲ್ಲಿಗೆ ನಡೆಯಬೇಕು.

ವಾರಸುದಾರರು ಮೈನರ್ ಆಗಿದ್ದರೆ ಇನ್ನೊಂದು ಕಷ್ಟ. ಗಾರ್ಡಿಯನ್ ಮಕ್ಕಳ ಆಸ್ತಿಯಿಂದ ವರಮಾನ ತೋರಿಸಬೇಕು. ಅದಕ್ಕೆ ಗುಲಾಮರನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಹೊಸ ವರ್ಷದ ಮೊದಲ ದಿನ, ಬಾಡಿಗೆಗೆ ಕೊಡುತ್ತಿದ್ದರು. ಹೆಚ್ಚು ಕೊಟ್ಟವನ ಜೊತೆ ಒಂದು ವರ್ಷ. ಹಾಗಾಗಿ ಜನವರಿ 1 ಎಂದರೆ ಆ ಕೇರಿಗಳಲ್ಲಿ ಅಳುವಿನ ದಿನ.

ವಾಷಿಂಗ್ಟನ್ ಮನೆಗೆ ವಾಪಸ್ಸು ಬರುತ್ತೇನೆ, ಏಕೆಂದರೆ ಅಲ್ಲಿಯ ಕಾಗದಗಳು ಎಲ್ಲವನ್ನೂ ಸ್ಪಷ್ಟವಾಗಿ ತೋರಿಸುತ್ತವೆ. 1799ರಲ್ಲಿ ವಾಷಿಂಗ್ಟನ್‌ನ ಎಸ್ಟೇಟಾದ ಮೌಂಟ್ ವರ್ನನ್‌ನಲ್ಲಿ 317 ಗುಲಾಮರು ಇದ್ದರು. 123 ಜನ ವಾಷಿಂಗ್ಟನ್‌ನ ಸ್ವಂತ. 153 ಜನ ಡವರ್. ಸುಮಾರು 40 ಜನ ನೆರೆಯವರಿಂದ ಬಾಡಿಗೆಗೆ ಬಂದವರು. ಆ ವರ್ಷದ ಜುಲೈಯಲ್ಲಿ ಬರೆದ ಉಯಿಲಿನಲ್ಲಿ ವಾಷಿಂಗ್ಟನ್ ತನ್ನವರನ್ನು ಬಿಡುಗಡೆ ಮಾಡಿದ, ಆದರೆ ಹೆಂಡತಿ ಸತ್ತ ಮೇಲೆ. ಅವನ ಖಾಸಾ ಆಳು ವಿಲಿಯಂ ಲೀ ಒಬ್ಬನಿಗೆ ಮಾತ್ರ ತಕ್ಷಣ ಬಿಡುಗಡೆ, ವರ್ಷಕ್ಕೆ 30 ಡಾಲರ್. ಕಾಯಿಸಿದ್ದಕ್ಕೆ ಕಾರಣವನ್ನೂ ಉಯಿಲಿನಲ್ಲೇ ಬರೆದಿದ್ದಾನೆ. 40 ವರ್ಷದಲ್ಲಿ ಎರಡೂ ಗುಂಪಿನವರು ಒಬ್ಬರನ್ನೊಬ್ಬರು ಮದುವೆಯಾಗಿದ್ದರು. ಡವರ್‌ನವರನ್ನು ಬಿಡುಗಡೆ ಮಾಡುವ ಅಧಿಕಾರ ತನಗಿಲ್ಲ. ಒಂದು ಗುಂಪನ್ನು ಬಿಟ್ಟರೆ ಸಂಸಾರಗಳು ಒಡೆಯುತ್ತವೆ.

ಹಾಗೆಯೇ ಆಯಿತು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಸತ್ತ. ತನ್ನ ಸಾವಿಗಾಗಿ ನೂರಕ್ಕೂ ಹೆಚ್ಚು ಜನ ಕಾಯುತ್ತಿದ್ದಾರೆ ಎಂಬ ಹೆದರಿಕೆ ಮಾರ್ಥಾಳಿಗೆ ಹತ್ತಿತು ಎಂದು ಅವಳನ್ನು ನೋಡಿಬಂದ, ಆಗಿನ ಅಧ್ಯಕ್ಷನ ಹೆಂಡತಿ ಅಬಿಗೇಲ್ ಆಡಮ್ಸ್ ಪತ್ರದಲ್ಲಿ ಬರೆದಿದ್ದಾಳೆ. 1801ರ ಜನವರಿ 1ರಂದು ಮಾರ್ಥಾ ಅವರನ್ನು ಬಿಡುಗಡೆ ಮಾಡಿದಳು. ಐಸಾಕ್ ಎಂಬ ಬಡಗಿ ಸ್ವತಂತ್ರನಾದ. ಅವನ ಹೆಂಡತಿ ಕಿಟ್ಟಿ ಡವರ್. ಆದ್ದರಿಂದ ಅವರ ಹೆಣ್ಣುಮಕ್ಕಳೆಲ್ಲ ಡವರ್. ಮುಂದಿನ ವರ್ಷ ಮೇ ತಿಂಗಳಲ್ಲಿ ಮಾರ್ಥಾ ತೀರಿಕೊಂಡಳು. ಡವರ್ ಗುಲಾಮರನ್ನು ಅವಳ ಮಗ ಜಾನ್‌ನ ಮಕ್ಕಳಾದ ನಾಲ್ವರು ಮೊಮ್ಮಕ್ಕಳಿಗೆ ಹಂಚಿದರು. 1757ರಲ್ಲಿ ಉಯಿಲಿಲ್ಲದೆ ಸತ್ತವನ ಪಾಲು ಪೂರ್ತಿಯಾಗಿದ್ದು 45 ವರ್ಷಗಳ ನಂತರ. ಈ ನಡುವೆ ಹುಟ್ಟಿ, ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತವರನ್ನು ಅವರು ಕಣ್ಣಿಂದಲೂ ನೋಡಿರದ ಒಬ್ಬ ಮನುಷ್ಯನ ಆಸ್ತಿ ಎಂದು ಹಂಚಲಾಯಿತು.

ಇನ್ನು ಸಾಲ. ವಾರಸುದಾರರಿಗಿಂತ ಮೊದಲು ಸಾಲ ಕೊಟ್ಟವರು. ಜೆಫರ್ಸನ್‌ನ ಮಾವ ಜಾನ್ ವೇಲ್ಸ್ 1773ರಲ್ಲಿ ಸತ್ತಾಗ ಜೆಫರ್ಸನ್ ದಂಪತಿಗೆ 11,000 ಎಕರೆ ಮತ್ತು 135 ಗುಲಾಮರು ಬಂದರು. ಜೊತೆಗೆ ದೊಡ್ಡ ಸಾಲವೂ ಬಂತು. ಅಳಿಯಂದಿರು ಸಾಲ ತೀರಿಸುವ ಮೊದಲೇ ಆಸ್ತಿ ಹಂಚಿಕೊಂಡರು. ಹಾಗಾಗಿ ಮಾವನ ಸಾಲಕ್ಕೆ ತಾವೇ ಜವಾಬ್ದಾರರಾದರು. ನನ್ನ ಬಳಿ ಬರುವ ಕಕ್ಷಿದಾರರಿಗೆ ಹೀಗೆ ಮಾಡಲೇಬೇಡಿ ಎಂದು ಹೇಳುತ್ತೇನೆ. ಆದರೆ ಆ 135 ಜನರ ಪಟ್ಟಿಯಲ್ಲಿ ಇದಕ್ಕಿಂತ ಭಾರವಾದ ಸಂಗತಿ ಇದೆ. ಅದರಲ್ಲಿ ಎಲಿಜಬೆತ್ ಹೆಮಿಂಗ್ಸ್ ಮತ್ತು ಅವಳ ಮಕ್ಕಳು ಇದ್ದರು. ಆ ಮಕ್ಕಳಲ್ಲಿ ಆರು ಜನರಿಗೆ ವೇಲ್ಸ್‌ನೇ ತಂದೆ ಎಂದು ಮೊಮ್ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಹೇಳಿದ. ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪುತ್ತಾರೆ. ಅಂದರೆ ಜೆಫರ್ಸನ್‌ನ ಹೆಂಡತಿ ಅಪ್ಪನ ಆಸ್ತಿಯಾಗಿ ಪಡೆದದ್ದು ಅದೇ ಅಪ್ಪನ ಮಕ್ಕಳನ್ನು. ಒಬ್ಬಳು ವಾರಸುದಾರಳು, ಉಳಿದವರು ಅವಳ ಪಾಲಿಗೆ ಬಂದ ಸ್ವತ್ತು.

ಜೆಫರ್ಸನ್ 1826ರ ಜುಲೈ 4ರಂದು ಸತ್ತಾಗ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಸಾಲ ಉಳಿದಿತ್ತು. ಉಯಿಲಿನಲ್ಲಿ ಐದು ಜನರಿಗೆ ಬಿಡುಗಡೆ. ಅವರಲ್ಲಿ ಕಮ್ಮಾರ ಜೋ ಫಾಸೆಟ್ ಒಬ್ಬ. ಅವನ ಹೆಂಡತಿ ಈಡಿತ್ ಮತ್ತು ಮಕ್ಕಳಿಗೆ ಬಿಡುಗಡೆ ಇಲ್ಲ. 1827ರ ಜನವರಿಯ ಚಳಿಯಲ್ಲಿ ಜೆಫರ್ಸನ್‌ನ ಎಸ್ಟೇಟಾದ ಮಾಂಟಿಸೆಲ್ಲೊದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಹರಾಜು ಹಾಕಿದಾಗ ಅವರನ್ನೂ ಮಾರಿದರು. ಫಾಸೆಟ್ ಮುಂದೆ ಹೆಂಡತಿಯನ್ನು, ಕೆಲವು ಮಕ್ಕಳನ್ನು ಹಣ ಕೊಟ್ಟು ಬಿಡಿಸಿಕೊಂಡ. ಎಲ್ಲರನ್ನೂ ಬಿಡಿಸಲು ಅವನಿಂದ ಆಗಲಿಲ್ಲ.

ಅದೇ ವರ್ಷ ಮೇರಿಲ್ಯಾಂಡ್‌ನ ಟಾಲ್ಬಟ್ ಕೌಂಟಿಯಲ್ಲಿ ಆರನ್ ಆಂಥನಿ ಎಂಬವನ ಆಸ್ತಿ ಹಂಚಿಕೆಗೆ ಬಾಲ್ಟಿಮೋರ್‌ನಿಂದ ಒಬ್ಬ ಹುಡುಗನನ್ನು ಕರೆಸಿದರು. ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿ ಫ್ರೆಡರಿಕ್ ಡಗ್ಲಸ್ ಎಂದು ಹೆಸರಾದವನು ಅವನು. ಕುದುರೆ, ಹಂದಿಗಳ ಜೊತೆ ನಿಲ್ಲಿಸಿ ಬೆಲೆ ಕಟ್ಟಿದ್ದನ್ನು ಅವನು ದೊಡ್ಡವನಾದ ಮೇಲೂ ಮರೆಯಲಿಲ್ಲ. ಆಂಥನಿಯ ಒಬ್ಬ ಮಗ ಕ್ರೂರಿ ಕುಡುಕ. ಅವನ ಪಾಲಿಗೆ ಬೀಳಬಾರದು ಎಂಬುದೇ ಎಲ್ಲರ ಪ್ರಾರ್ಥನೆ. ಹುಡುಗ ಮಗಳ ಪಾಲಿಗೆ ಬಿದ್ದ, ಬಾಲ್ಟಿಮೋರ್‌ಗೆ ವಾಪಸ್ಸಾದ. ಅಲ್ಲೇ ಅಕ್ಷರ ಕಲಿತವನು, ಅಲ್ಲಿಂದಲೇ ಮುಂದೆ ತಪ್ಪಿಸಿಕೊಂಡ.

ಕಸ್ಟಿಸ್ ಪಾಲು ಇನ್ನೂ ಮುಗಿದಿರಲಿಲ್ಲ. ನಾಲ್ವರು ಮೊಮ್ಮಕ್ಕಳಲ್ಲಿ ಒಬ್ಬನಾದ ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್ ತನ್ನ ಪಾಲಿನವರನ್ನು ವರ್ಜೀನಿಯಾದ ತನ್ನ ಎಸ್ಟೇಟು ಆರ್ಲಿಂಗ್ಟನ್‌ಗೆ ಕರೆದೊಯ್ದಿದ್ದ. 1857ರಲ್ಲಿ ಅವನು ಸತ್ತ. ನಾಲ್ವರು ಮೊಮ್ಮಗಳಂದಿರಿಗೆ ತಲಾ 10,000 ಡಾಲರ್ ಕೊಡಬೇಕು, ಗುಲಾಮರನ್ನು ಐದು ವರ್ಷದ ಒಳಗೆ ಬಿಡುಗಡೆ ಮಾಡಬೇಕು ಎಂದು ಉಯಿಲು. ಅದನ್ನು ಜಾರಿ ಮಾಡಬೇಕಾದವನು ಅಳಿಯ ರಾಬರ್ಟ್ ಇ. ಲೀ, ಮುಂದೆ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿಯಾದವನು. ಯಜಮಾನ ಸತ್ತ ಕೂಡಲೇ ಬಿಡುಗಡೆ ಎಂದು ನಂಬಿದ್ದವರನ್ನು ಲೀ ಐದು ವರ್ಷವೂ ದುಡಿಸಿದ, ಕೆಲವರನ್ನು ದೂರಕ್ಕೆ ಬಾಡಿಗೆಗೆ ಕಳಿಸಿದ. 1859ರಲ್ಲಿ ಓಡಿಹೋಗಿ ಸಿಕ್ಕಿಬಿದ್ದ ವೆಸ್ಲಿ ನಾರಿಸ್, ಲೀ ತಮ್ಮನ್ನು ಚಾಟಿಯಿಂದ ಹೊಡೆಸಿದ ಎಂದು ಅಂತರ್ಯುದ್ಧದ ನಂತರ ಹೇಳಿಕೆ ಕೊಟ್ಟ. ಬಿಡುಗಡೆ ಪತ್ರಕ್ಕೆ ಲೀ ಸಹಿ ಹಾಕಿದ್ದು 1862ರ ಡಿಸೆಂಬರ್ 29ರಂದು. ಡೇನಿಯಲ್ ಕಸ್ಟಿಸ್ ಸತ್ತು 105 ವರ್ಷ ಆಗಿತ್ತು.

ಈ ಕಾಗದಗಳಿಗೆ ಇವತ್ತೂ ಕೆಲಸ ಇದೆ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿದೆ. ಗುಲಾಮರದ್ದು ವಯಸ್ಸು, ಲಿಂಗ, ಬಣ್ಣ ಅಷ್ಟೇ. ಬಿಡುಗಡೆಯಾದವರ ಹೆಸರುಗಳು ಜನಗಣತಿಯಲ್ಲಿ ಬರುವುದು 1870ರಲ್ಲಿ. ಅದಕ್ಕಿಂತ ಹಿಂದಿನ ಅಜ್ಜ, ಅಜ್ಜಿಯರನ್ನು ಹುಡುಕುವ ಕಪ್ಪು ಅಮೆರಿಕನ್ನರು ಕೌಂಟಿ ಕೋರ್ಟಿನ ಉಯಿಲು, ಬೆಲೆಪಟ್ಟಿ, ಪಾಲುಪಟ್ಟಿಗಳನ್ನೇ ತೆರೆಯಬೇಕು. ಒಂದೇ ಕಾಗದ ಸಾಲದು. ಸತ್ತ ಯಜಮಾನನ ಬೆಲೆಪಟ್ಟಿ, ಕಮಿಷನರುಗಳ ಹಂಚಿಕೆ, ಗಾರ್ಡಿಯನ್‌ನ ವರ್ಷದ ಲೆಕ್ಕ, ಆಮೇಲೆ ಪ್ರತಿ ವಾರಸುದಾರ ಸತ್ತಾಗಿನ ಬೆಲೆಪಟ್ಟಿ, ಇಷ್ಟನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು. ತಾಯಿ ಒಬ್ಬ ಮಗಳ ಪಾಲಿನಲ್ಲಿ, ಮಗ ಇನ್ನೊಬ್ಬ ಅಳಿಯನ ಲೆಕ್ಕದಲ್ಲಿ ಸಿಗುತ್ತಾರೆ. ಹೆಣ್ಣುಮಕ್ಕಳ ಗಂಡಂದಿರ ಹೆಸರನ್ನು ಮೊದಲು ಬರೆದಿಟ್ಟುಕೊಳ್ಳಿ. ಮದುವೆಯಾದ ಮೇಲೆ ಪಾಲು ಗಂಡನ ಹೆಸರಿಗೆ ಬರೆದಿರುತ್ತಾರೆ, ಹುಡುಕುವವರು ದಾರಿ ತಪ್ಪುವುದು ಹೆಚ್ಚಾಗಿ ಅಲ್ಲೇ.