ಖಾಲಿ ತೋಟಾದಿಂದ ಪೆನ್ ಮಾಡಬೇಕು, ಕೇಸ್ ಎಲ್ಲಿ ಸಿಗುತ್ತೆ?

ಓದುಗರ ಪ್ರಶ್ನೆ: ರೈಫಲ್‌ನ ಖಾಲಿ ತೋಟಾಗೆ ಮರ ಸೇರಿಸಿ ಪೆನ್ ಮಾಡುವುದನ್ನು ವಿಡಿಯೊದಲ್ಲಿ ನೋಡಿದೆ. ತುಮಕೂರಿನಲ್ಲಿ ಗೊತ್ತಿರುವ ಲೇತ್ ಅಂಗಡಿ ಇದೆ, ತೋಟದಲ್ಲಿ ಮರವೂ ಇದೆ. ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕವಚ) ಮಾತ್ರ ಇಲ್ಲ. ಗುಜರಿಯಲ್ಲಿ ಕೇಳಿದರೆ ಸಿಗುತ್ತಾ?

ಉತ್ತರ: ಸಿಕ್ಕರೂ ತಗೋಬೇಡಿ. ಪೆನ್ ಮಾತ್ರ ಖಂಡಿತ ಮಾಡಿ. ಕೇಸನ್ನು ಹುಡುಕುವ ಬದಲು ಹಿತ್ತಾಳೆ ರಾಡನ್ನು ಲೇತ್‌ನಲ್ಲಿ ಕಡೆದು ನೀವೇ ಮಾಡಿಕೊಳ್ಳಿ. ಲೇತ್ ಗೊತ್ತಿದೆ ಅಂದಮೇಲೆ ಅರ್ಧ ಕೆಲಸ ಮುಗಿದ ಹಾಗೆ.

ನೀವು ನೋಡಿದ ವಿಡಿಯೊ ಬಹುಶಃ ಅಮೆರಿಕದ್ದು. ಅಲ್ಲಿ ಹಾರಿಸಿದ ಕೇಸ್‌ಗಳನ್ನು ಕೆಜಿಗಟ್ಟಲೆ ಮಾರುತ್ತಾರೆ, ಪೆನ್ ಕಿಟ್‌ಗಳೂ ಸಿಗುತ್ತವೆ. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಹಾರಿಸಿ ಬಿಟ್ಟ ಕೇಸ್ ಆ ಮಾತಿನೊಳಗೆ ಬರುತ್ತದಾ ಇಲ್ಲವಾ ಅಂತ ವಕೀಲರು ವಾದ ಮಾಡಬಹುದು. ಆ ವಾದವನ್ನು ನೀವು ಚೆಕ್‌ಪೋಸ್ಟ್‌ನಲ್ಲಿ ನಿಂತು ಮಾಡಬೇಕಾ? ವಿದೇಶದಿಂದ ತರಿಸುತ್ತೇನೆ ಅಂದರೂ ಅದೇ ಕಾಯ್ದೆ ಅಡ್ಡ ಬರುತ್ತದೆ. ಮದ್ದುಗುಂಡು ಆಮದಿಗೆ ಪರವಾನಗಿ ಬೇಕು.

ಸೈನ್ಯದಲ್ಲಿ, ಪೊಲೀಸ್ ಇಲಾಖೆಯಲ್ಲಿ ಫೈರಿಂಗ್ ಮುಗಿದ ಮೇಲೆ ಖಾಲಿ ಕೇಸ್‌ಗಳನ್ನೂ ಎಣಿಸಿ ವಾಪಸ್ ಕಟ್ಟಬೇಕು. ಹಾಗಾಗಿ ಗುಜರಿಗೆ ಬಂದ ಕೇಸ್ ಎಲ್ಲಿಂದ ಬಂತು ಅನ್ನುವುದೇ ಮೊದಲ ಪ್ರಶ್ನೆ. ಫೈರಿಂಗ್ ರೇಂಜ್‌ನಲ್ಲಿ ಆರಿಸಿ ತರುವ ಯೋಚನೆಯಂತೂ ಬೇಡವೇ ಬೇಡ. ಸಿಡಿಯದೆ ಉಳಿದ ಮದ್ದು ಮುಟ್ಟಿ ಜೀವ ಕಳೆದುಕೊಂಡವರಿದ್ದಾರೆ. ಇನ್ನು ಕಾಡುಹಂದಿ ಕಾಟಕ್ಕೆ ಲೈಸೆನ್ಸ್ ಪಡೆದ ತಾತನ ಕೋವಿ ಮನೆಯಲ್ಲಿದೆ, ಅದರ ತೋಟಾ ಆಗುತ್ತಾ ಅಂತ ಕೇಳುವವರೂ ಇದ್ದಾರೆ. ಆಗುವುದಿಲ್ಲ. ಹನ್ನೆರಡು ಬೋರ್ ತೋಟಾದಲ್ಲಿ ಹಿತ್ತಾಳೆ ಇರುವುದು ಬುಡದಲ್ಲಿ ಮಾತ್ರ, ಮೇಲೆಲ್ಲಾ ಪ್ಲಾಸ್ಟಿಕ್ ಅಥವಾ ಕಾಗದ. ಪೆನ್ನಿಗೆ ದಪ್ಪವೂ ಜಾಸ್ತಿ.

ತೋಟಾ ಆಕಾರದಲ್ಲಿ ಬರೆಯುವ ಸಾಮಾನು ಮಾಡುವುದು ಹಳೆಯ ಚಾಳಿ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಖಾಲಿ ಹಿತ್ತಾಳೆಯಿಂದ ಏನೇನೋ ಮಾಡಿಕೊಂಡರು. 1914ರ ಕ್ರಿಸ್ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿ ಹೆಸರಿನಲ್ಲಿ ಸೈನಿಕರಿಗೆ ಹೋದ ಉಡುಗೊರೆಗಳಲ್ಲಿ ತೋಟಾದೊಳಗೆ ಕೂರುವ ಪೆನ್ಸಿಲ್ ಕೂಡ ಇತ್ತು.

ಈಗ ಕೆಲಸಕ್ಕೆ ಬರೋಣ. ಅಳತೆಗೆ 7.62 × 51 ಅನ್ನುವ ರೈಫಲ್ ತೋಟಾ ಹಿಡಿಯಿರಿ. ಕೇಸ್ 51 ಮಿ.ಮೀ. ಉದ್ದ, ಬುಡದಲ್ಲಿ 12 ಮಿ.ಮೀ., ಕತ್ತಿನಲ್ಲಿ ಹೆಚ್ಚುಕಮ್ಮಿ 8.7 ಮಿ.ಮೀ. ಅಸಲಿ ಕೇಸ್‌ನ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಎಳೆದು ರೂಪ ಕೊಡಲು ಅದು ಚೆನ್ನ, ಲೇತ್‌ನಲ್ಲಿ ಮಾತ್ರ ಅಂಟಂಟು. ನೀವು ಫ್ರೀ ಕಟಿಂಗ್ ಹಿತ್ತಾಳೆ ರಾಡ್ ಕೇಳಿ. ಅದರಲ್ಲಿ ಸ್ವಲ್ಪ ಸೀಸ ಇರುವುದರಿಂದ ಚೂರು ಪುಡಿಪುಡಿಯಾಗಿ ಉದುರುತ್ತದೆ, ಮೈ ನುಣುಪಾಗಿ ಬರುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ.

ಎಲ್ಲರೂ ಎಡವುವುದು ತೂಕದಲ್ಲಿ. ಅಸಲಿ ಕೇಸ್ ತೂಗುವುದು ಸುಮಾರು 11 ಗ್ರಾಂ. ಅದೇ ಆಕಾರದ ರಾಡ್‌ಗೆ ರಿಫಿಲ್ ಹೋಗುವಷ್ಟು 6 ಮಿ.ಮೀ. ತೂತು ಮಾತ್ರ ಕೊರೆದರೆ 30 ಗ್ರಾಂ ಆಗುತ್ತದೆ. ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಹಾಗಾಗಿ ಬುಡದ ಕಡೆಯಿಂದ ಭುಜದವರೆಗೆ, ಅಂದರೆ ಕೇಸ್ ಕತ್ತಿಗೆ ಕಿರಿದಾಗಲು ಶುರುವಾಗುವ ಜಾಗದವರೆಗೆ, 10 ಮಿ.ಮೀ. ಬೋರ್ ಮಾಡಿಸಿ. ಕತ್ತಿನಲ್ಲಿ ಮಾತ್ರ ರಿಫಿಲ್ ಅಳತೆ ಇರಲಿ. ಗೋಡೆ ಒಂದು ಮಿ.ಮೀ.ಗೂ ತೆಳ್ಳಗಾಗುತ್ತದೆ, ಅದಕ್ಕೇ ಮೊದಲು ಬೋರ್, ಆಮೇಲೆ ಹೊರಗಿನ ಆಕಾರ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಿಮ್ಮದು. ಅಲ್ಲಿ ಕೈ ಪಳಗಿದ ಹಳಬರು ಯಾರಾದರೂ ಸಿಕ್ಕರೆ ಅವರ ಹತ್ತಿರವೇ ಹೋಗಿ. ಇಷ್ಟು ಸಣ್ಣ ಅಳತೆ ಅವರಿಗೆ ಹೊಸದಲ್ಲ.

ತುದಿಗೆ ಚೂಪು ಗುಂಡು ಬೇಡ ಅಂತ ನನ್ನ ಸಲಹೆ. ಸರಳವಾದ ಕೋನ್ ಸಾಕು, ನೋಡುವುದಕ್ಕೂ ಅದೇ ಚೆಂದ. ಗುಂಡು ಇಟ್ಟರೆ ದೇವನಹಳ್ಳಿಯಲ್ಲಿ ಬ್ಯಾಗ್ ಸ್ಕ್ಯಾನ್ ಆಗುವಾಗ ಸುಮ್ನೆ ನಿಲ್ಲಿಸಿ ವಿಚಾರಿಸುತ್ತಾರೆ. ಕೋನ್ ಇಟ್ಟಿದ್ದರೂ ವಿಮಾನ ಹತ್ತುವ ದಿನ ಈ ಪೆನ್ ಮನೆಯಲ್ಲೇ ಇರಲಿ.

ಮರದ ವಿಷಯದಲ್ಲಿ ನೀವು ಅದೃಷ್ಟವಂತರು. ಹುಣಸೆಯ ನಡುವಿನ ಕಪ್ಪು ಚೇಗು ಹಿತ್ತಾಳೆ ಪಕ್ಕ ಬಹಳ ಒಪ್ಪುತ್ತದೆ. ಉಳಿ ಬೇಗ ಮೊಂಡಾಗುತ್ತದೆ, ತಾಳ್ಮೆ ಬೇಕು. ಹೊರಗಿನ ಬಿಳಿ ಭಾಗ ಹುಳ ತಿನ್ನುತ್ತದೆ, ಬಿಟ್ಟುಬಿಡಿ. ಶಿಡ್ಲಘಟ್ಟದ ಕಡೆ ನೆಂಟರಿದ್ದರೆ ಹಳೆಯ ಹಿಪ್ಪುನೇರಳೆ ಬೊಡ್ಡೆ ಕೇಳಿ. ಹಳದಿ ಬಣ್ಣ ಬೆಳಕಿಗೆ ಕಂದಾಗುತ್ತಾ ಹೋಗುತ್ತದೆ. ಆದರೆ ತುಮಕೂರಿನ ಪೆನ್ ಅಂದಮೇಲೆ ನಾನಾಗಿದ್ದರೆ ತೆಂಗು ಹಿಡಿಯುತ್ತಿದ್ದೆ. ವಯಸ್ಸಾದ ಮರದ ಬುಡದಲ್ಲಿ, ತೊಗಟೆಗೆ ಹತ್ತಿರದ ಭಾಗ ಕಲ್ಲಿನಂತೆ ಗಟ್ಟಿ. ಅಡ್ಡ ಕೊಯ್ದರೆ ಕಪ್ಪು ಚುಕ್ಕಿ, ಉದ್ದಕ್ಕೆ ಕೊಯ್ದರೆ ಕಪ್ಪು ಗೆರೆ. ತಿರುಳಿನ ಕಡೆಯದು ಪುಡಿಯಾಗುತ್ತದೆ, ಮುಟ್ಟಬೇಡಿ. ಧೂಳು ಗಂಟಲು ಕೆರೆಯುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಗಂಧ, ರಕ್ತಚಂದನದ ಆಸೆ ಬೇಡ, ಅದು ಇನ್ನೊಂದು ಕಾನೂನಿನ ತಲೆನೋವು.

ಹಸಿ ಮರ ಬೇಡ. ಹಿತ್ತಾಳೆ ಹವೆಯ ತೇವಕ್ಕೆ ಹಿಗ್ಗುವುದಿಲ್ಲ, ಮರ ಹಿಗ್ಗಿ ಕುಗ್ಗುತ್ತದೆ. ಸರಿಯಾಗಿ ಒಣಗದ ಮರವನ್ನು, ಅದರೊಳಗೆ ರಿಫಿಲ್‌ಗಾಗಿ ಹಾಕುವ ಹಿತ್ತಾಳೆ ಕೊಳವೆಗೆ ಅಂಟಿಸಿದರೆ ಏಪ್ರಿಲ್ ಬಿಸಿಲಿಗೆ ಉದ್ದಕ್ಕೆ ಸೀಳುತ್ತದೆ. ಕೊಳವೆಯ ಮೈಯನ್ನು ಎಮರಿ ಕಾಗದದಲ್ಲಿ ಒರಟು ಮಾಡಿ, ಅರಾಲ್ಡೈಟ್ ಹಚ್ಚಿ, ಒಂದು ರಾತ್ರಿ ಬಿಡಿ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ಪೆನ್ ನೆಲಕ್ಕೆ ಬಿದ್ದರೆ ಅಷ್ಟೇ ಬೇಗ ಬಿಡುತ್ತದೆ. ಕೊಳವೆಯ ತುದಿಗೆ ಒಂದು ಬುಷ್ (ಸಂದು ತುಂಬುವ ಬಳೆ) ಹಾಕಿ ಕೇಸ್‌ನ ಬುಡದೊಳಗೆ ಬಿಗಿಯಾಗಿ ಕೂರಿಸಿ. ರಿಫಿಲ್ ಬದಲಿಸುವಾಗ ಎಳೆದರೆ ಬರುವಂತಿರಲಿ. ರಿಫಿಲ್ ಪಾರ್ಕರ್ ಮಾದರಿಯದು, 98 ಮಿ.ಮೀ., ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಮೊದಲು ಕೈಯಲ್ಲಿಟ್ಟುಕೊಂಡೇ ಅಳತೆ ಶುರು ಮಾಡಿ.

ಹಿತ್ತಾಳೆ ಕಪ್ಪಾದರೆ ದೇವರ ದೀಪ ತಿಕ್ಕುವ ಹುಣಸೆಹುಳಿಯೇ ಸಾಕು, ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಮರಕ್ಕೆ ಹುಳಿ ತಾಗದಿರಲಿ. ಅಮೋನಿಯ ಇರುವ ಕ್ಲೀನರ್ ಮಾತ್ರ ಬೇಡ. ಇದಕ್ಕೊಂದು ಕತೆಯಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ತೋಟಾಗಳ ಹಿತ್ತಾಳೆ ತಾನಾಗಿ ಸೀಳುತ್ತಿತ್ತು. ಕುದುರೆ ಮೂತ್ರದ ಅಮೋನಿಯ, ಹಿತ್ತಾಳೆಯೊಳಗೆ ಉಳಿದ ಬಿಗಿತ, ಎರಡೂ ಸೇರಿ ಹೀಗಾಗುತ್ತದೆ ಅಂತ 1921ರಲ್ಲಿ ವಿವರಣೆ ಸಿಕ್ಕಿತು.

ಮರಕ್ಕೆ ಚನ್ನಪಟ್ಟಣದವರ ಹಾಗೆ ಅರಗು ಹಿಡಿಸಬಹುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಹತ್ತುತ್ತದೆ. ಒಂದೇ ತೊಂದರೆ, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಹೊಳಪು ಹೋಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಕೊಡುವ ಪೆನ್ ಆದರೆ ಅರಗು ಬಿಟ್ಟು ಬರೀ ಅಗಸೆ ಎಣ್ಣೆ ಒರೆಸಿ.